ಕೋಳಿಯ ರೆಕ್ಕೆಗಾಳಿ ಮತ್ತು ಪಕ್ಕದ ಮನೆಯ ದೂರು

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಮನುಸ್ಮೃತಿಯಲ್ಲಿ ಕೋಳಿ ಬರುತ್ತೆ ಅಂದ್ರೆ ತುಂಬಾ ಜನ ನಂಬಲ್ಲ. ಮೂರನೇ ಅಧ್ಯಾಯ ತೆಗೆದು ನೋಡಿ. ಶ್ರಾದ್ಧದ ದಿನ ಬ್ರಾಹ್ಮಣರು ಊಟಕ್ಕೆ ಕೂತಾಗ ಅವರನ್ನು ಯಾರ್ಯಾರು ನೋಡಬಾರದು ಅಂತ ಅಲ್ಲೊಂದು ಪಟ್ಟಿ ಇದೆ. ಚಂಡಾಲ, ಊರಹಂದಿ, ಹುಂಜ, ನಾಯಿ, ಮುಟ್ಟಾದ ಹೆಂಗಸು, ನಪುಂಸಕ. ಎಲ್ಲರೂ ಒಂದೇ ಸಾಲಿನಲ್ಲಿ. ಪಟ್ಟಿ ಕೊಟ್ಟು ಸುಮ್ಮನಾಗಿಲ್ಲ, ಯಾರು ಹೇಗೆ ಕೆಡಿಸ್ತಾರೆ ಅನ್ನೋ ವಿವರವೂ ಇದೆ. ಹಂದಿ ಮೂಸಿ ಕೆಡಿಸುತ್ತಂತೆ. ನಾಯಿ ಬರೀ ನೋಡಿ. ಕೀಳು ವರ್ಣದವನು ಮುಟ್ಟಿ. ಕೋಳಿ? ಕೋಳಿಯದು ರೆಕ್ಕೆಯ ಗಾಳಿ. ಅದು ಅಗಳು ಕುಕ್ಕಬೇಕಾಗಿಲ್ಲ, ಎಲೆ ತುಳಿಯಬೇಕಾಗಿಲ್ಲ, ಗಾಳಿ ಬೀಸಿದರೆ ಸಾಕು.

ಐದನೇ ಅಧ್ಯಾಯಕ್ಕೆ ಬಂದರೆ ತಿನ್ನಬಾರದ್ದರ ಪಟ್ಟಿ. ಬೆಳ್ಳುಳ್ಳಿ, ಈರುಳ್ಳಿ, ಅಣಬೆ, ಊರಹಂದಿ, ಊರಕೋಳಿ. ಗೊತ್ತಿದ್ದೂ ತಿಂದ ದ್ವಿಜ ಪತಿತನಾಗ್ತಾನೆ. ಇಲ್ಲಿ ಗಮನಿಸಬೇಕಾದ್ದು 'ಊರ' ಅನ್ನೋ ಪದ. ಕಾಡುಕೋಳಿಗೆ ಈ ಮಾತಿಲ್ಲ. ಅಂದರೆ ತಕರಾರು ಮಾಂಸದ ಮೇಲೆ ಮಾತ್ರ ಅಲ್ಲ, ಆ ಹಕ್ಕಿ ಎಲ್ಲಿ ಬದುಕುತ್ತೆ, ಯಾರ ನಡುವೆ ಓಡಾಡುತ್ತೆ, ಯಾರ ತಿಪ್ಪೆ ಕೆದಕುತ್ತೆ ಅನ್ನೋದರ ಮೇಲೆ. ಇದನ್ನೆಲ್ಲ ಈಗ ಯಾಕೆ ಕೆದಕ್ತಿದ್ದೀಯ ಅಂತ ಕೇಳಬಹುದು. (ಕೆದಕೋದು ಕೋಳಿ ಗುಣ, ನಮ್ಮದೂ ಕೂಡ.)

ಕಾರಣ ಇದೆ. ನಮ್ಮ ಕಡೆಯ ಒಂದು ಸಣ್ಣ ಪಟ್ಟಣದಲ್ಲಿ ಆಶ್ರಯ ಸೈಟಿನಲ್ಲಿ ಮನೆ ಕಟ್ಟಿಕೊಂಡಿರುವ ನಮ್ಮ ಅಕ್ಕ ಒಬ್ಬರಿಗೆ ಸ್ಥಳೀಯ ಆಡಳಿತದಿಂದ ನೋಟಿಸ್ ಬಂತು. ಹಿತ್ತಲಲ್ಲಿ ಸಾಕಿರುವ ಕೋಳಿಗಳನ್ನು 7 ದಿನದೊಳಗೆ ತೆರವು ಮಾಡತಕ್ಕದ್ದು ಅಂತ. ಇದ್ದದ್ದು ಒಂಬತ್ತು ಹೇಂಟೆ, ಒಂದು ಹುಂಜ. ಜೊತೆಗೆ ಪಕ್ಕದ ಮನೆಯವರು ಕೊಟ್ಟ ದೂರಿನ ನಕಲು. ಅದರಲ್ಲಿ ನಾಲ್ಕು ಅಂಶ. ವಾಸನೆ, ಬೆಳಗಿನ ಜಾವದ ಕೂಗು, ಗಲೀಜು. ನಾಲ್ಕನೆಯದು, ಕೋಳಿಗಳು ಕಾಂಪೌಂಡ್ ಹಾರಿ ಬಂದು ತುಳಸಿಕಟ್ಟೆ ಹತ್ತಿರ ರೆಕ್ಕೆ ಬಡಿಯುತ್ತವೆ, ತಮ್ಮದು ಶುದ್ಧ ಸಸ್ಯಾಹಾರಿ ಕುಟುಂಬ ಅಂತ. ದೂರು ಕೊಟ್ಟವರು ಮನುಸ್ಮೃತಿ ಓದಿರಲಾರರು. ಓದಬೇಕಾಗಿಯೂ ಇಲ್ಲ. ಅದು ಗಾಳಿಯಲ್ಲೇ ಇದೆ.

ಮೊದಲ ಮೂರು ಅಂಶಗಳನ್ನು ನಾನು ತಳ್ಳಿಹಾಕಲ್ಲ. ಕೋಳಿ ಸಾಕಿದ ಯಾರಿಗೂ ಗೊತ್ತು, ಮಳೆಗಾಲದಲ್ಲಿ ಹಿಕ್ಕೆ ನೆಂದರೆ ಮೂಗು ಉರಿಯೋ ಹಾಗೆ ನಾತ ಬರುತ್ತೆ. ಹುಂಜಕ್ಕೆ ಗಡಿಯಾರ ಇಲ್ಲ, ಮೂರು ಗಂಟೆಗೂ ಕೂಗುತ್ತೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರಿಗೆ ಅದು ಕಷ್ಟವೇ. ಆದರೆ ಆ ಮೂರು ಅಂಶಗಳ ಬೆನ್ನ ಮೇಲೆ ನಾಲ್ಕನೆಯದು ಹೇಗೆ ಸವಾರಿ ಮಾಡುತ್ತೆ ಅನ್ನೋದು ನನ್ನ ವಿಷಯ. ಅದಕ್ಕೆ ಕೋಳಿಯ ಚರಿತ್ರೆ ಸ್ವಲ್ಪ ಬೇಕು.

ಇವತ್ತು ಜಗತ್ತಿನಲ್ಲಿರುವ ಸಾಕುಕೋಳಿಗಳ ಮೂಲ ಕೆಂಪು ಕಾಡುಕೋಳಿ. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಹಲವು ದೇಶಗಳ ಹಳೆಯ ಕೋಳಿ ಮೂಳೆಗಳನ್ನು ಮತ್ತೆ ಪರೀಕ್ಷಿಸಿ, ಖಚಿತವಾಗಿ ಸಾಕುಕೋಳಿ ಅನ್ನಬಹುದಾದ ಅತಿ ಹಳೆಯವು ಥಾಯ್ಲೆಂಡಿನ ಬಾನ್ ನಾನ್ ವಾಟ್ ಅನ್ನೋ ಜಾಗದವು ಅಂತ ಹೇಳಿತು. ಸುಮಾರು 3,500 ವರ್ಷ ಹಿಂದಿನವು. ಮಳೆಯಾಶ್ರಿತ ಭತ್ತ, ಸಿರಿಧಾನ್ಯ ಬೆಳೆಯೋಕೆ ಶುರು ಮಾಡಿದ ಮೇಲೆ ಚೆಲ್ಲಿದ ಕಾಳಿಗೆ ಕಾಡುಕೋಳಿ ಊರಿನ ಹತ್ತಿರ ಬಂತು ಅನ್ನೋದು ಅವರ ವಾದ. ಮನುಷ್ಯ ಬಲೆ ಹಾಕಿ ತಂದದ್ದಕ್ಕಿಂತ ಅದು ತಾನೇ ನಡೆದು ಬಂದದ್ದು ಹೆಚ್ಚು. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಸಾಕುಕೋಳಿಯ ಕಾಲು ಹಳದಿ ಇರುತ್ತಲ್ಲ, ಆ ಹಳದಿ ಗುಣ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ಬೂದು ಕಾಡುಕೋಳಿಯಿಂದ ಬಂದದ್ದು ಅಂತ 2008ರ ವಂಶವಾಹಿ ಅಧ್ಯಯನ ತೋರಿಸಿತು. ಬೂದು ಕಾಡುಕೋಳಿ ನಮ್ಮ ಪಶ್ಚಿಮಘಟ್ಟದ ಹಕ್ಕಿ. ಅಂದರೆ ಅಮೆರಿಕದ ಫಾರಂನಲ್ಲಿರುವ ಹಳದಿ ಕಾಲಿನ ಕೋಳಿಯಲ್ಲೂ ನಮ್ಮ ಕಡೆಯ ಕಾಡಿನ ರಕ್ತ ಇದೆ. ಶುದ್ಧ ತಳಿ, ಶುದ್ಧ ರಕ್ತ ಅನ್ನೋ ಮಾತು ಕೋಳಿ ವಿಷಯದಲ್ಲೂ ನಿಲ್ಲಲ್ಲ.

ಈಗ ಕೇರಿಗೆ ಬರೋಣ. ಬಾಬಾಸಾಹೇಬರ ಬರಹ ಭಾಷಣಗಳ 5ನೇ ಸಂಪುಟದಲ್ಲಿ ಒಂದು ಭಾಗ ಇದೆ. ಹಿಂದೂ ಹಳ್ಳಿ ಅಸ್ಪೃಶ್ಯರ ಮೇಲೆ ಹೇರಿದ ಕಟ್ಟಳೆಗಳನ್ನು ಅವರು ಅಲ್ಲಿ ಒಂದೊಂದಾಗಿ ಬರೀತಾರೆ. ಕೇರಿ ಊರ ಹೊರಗಿರಬೇಕು, ಅದೂ ದಕ್ಷಿಣ ದಿಕ್ಕಿಗೆ. ಹೆಂಚಿನ ಮನೆ ಕಟ್ಟಬಾರದು. ಶುಭ್ರ ಬಟ್ಟೆ, ಚಪ್ಪಲಿ, ಗಡಿಯಾರ, ಚಿನ್ನ ಕೂಡದು. ಕುದುರೆ ಏರಬಾರದು. ಭೂಮಿ, ದನದಂಥ ಆಸ್ತಿ ಮಾಡುವುದೇ ಅಪರಾಧ. ಮನು ಕೂಡ ಚಂಡಾಲರ ಸಂಪತ್ತು ಅಂದ್ರೆ ನಾಯಿ ಮತ್ತು ಕತ್ತೆ ಅಂತ ಹತ್ತನೇ ಅಧ್ಯಾಯದಲ್ಲಿ ಮೊದಲೇ ನಿಗದಿ ಮಾಡಿಟ್ಟಿದ್ದ. ಈ ಪಟ್ಟಿಯನ್ನು ಓದುವಾಗೆಲ್ಲ ನನಗೆ ಅನ್ನಿಸೋದು, ಇಷ್ಟು ಸೂಕ್ಷ್ಮವಾಗಿ ನಮ್ಮ ಮೈಮೇಲಿನ ಬಟ್ಟೆವರೆಗೂ ಲೆಕ್ಕ ಇಟ್ಟವರ ಕಣ್ಣಿಗೆ ಕೋಳಿ ಆಸ್ತಿಯಾಗಿ ಕಾಣಿಸಲೇ ಇಲ್ಲ. ಅಷ್ಟು ಚಿಕ್ಕದು ಅದು. ದನಕ್ಕೆ ಕೊಟ್ಟಿಗೆ ಬೇಕು, ಮೇವು ಬೇಕು, ಮೇಯಿಸೋಕೆ ಊರ ಗೋಮಾಳಕ್ಕೆ ಹೋಗಬೇಕು, ಅಲ್ಲಿ ಅವರ ಅಪ್ಪಣೆ ಬೇಕು. ಕೋಳಿಗೆ ಒಂದು ಮಂಕರಿ ಸಾಕು. ರಾತ್ರಿ ಮಂಕರಿ ಕವುಚಿ ಮೇಲೊಂದು ಕಲ್ಲಿಟ್ಟರೆ ಕೊಟ್ಟಿಗೆ ಆಯ್ತು. ಬೆಳಿಗ್ಗೆ ಬಿಟ್ಟರೆ ತನ್ನ ಹೊಟ್ಟೆ ತಾನೇ ನೋಡಿಕೊಳ್ಳುತ್ತೆ.

ಅದಕ್ಕೇ ಕೇರಿಯಲ್ಲಿ ಕೋಳಿ ಅಂದ್ರೆ ಹೆಂಗಸರ ಗಂಟು. ಕೂಲಿ ದುಡ್ಡು ಗಂಡಸರ ಕೈಗೆ ಹೋಗಿ ಅಲ್ಲಿಂದ ಎಲ್ಲಿಗೆ ಹೋಗ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೊಟ್ಟೆ ದುಡ್ಡು, ಪಿಳ್ಳೆ ಮಾರಿದ ದುಡ್ಡು ಅವ್ವಂದಿರ ಸೆರಗಿನ ತುದಿಯಲ್ಲಿ ಉಳೀತಿತ್ತು. ಸ್ಲೇಟು ಬಳಪ ಬಂದದ್ದು, ಜ್ವರಕ್ಕೆ ಮಾತ್ರೆ ಬಂದದ್ದು ಅದರಿಂದ. ಆ ಕಾಲದಲ್ಲಿ ಬ್ಯಾಂಕು ಕೇರಿಗೆ ಬರ್ತಿರಲಿಲ್ಲ, ಕೋಳಿ ಇತ್ತು.

ಚಿಕ್ಕದು ಅಂತ ಬಿಟ್ಟವರು ಅದರ ರುಚಿಯನ್ನು ಮಾತ್ರ ಬಿಟ್ಟಿರಲಿಲ್ಲ. ಊರಿಗೆ ಸಾಹೇಬರು ಮೊಕ್ಕಾಂ ಬಂದರೆ ಕೇರಿಯಿಂದ ಕೋಳಿ ಹೋಗಬೇಕಾಗಿತ್ತು, ಬಿಟ್ಟಿಯಾಗಿ. ನಮ್ಮ ಹಿರಿಯರು ಹೇಳೋ ಪ್ರಕಾರ ತಳವಾರ ಕೇರಿ ಬಾಗಿಲಲ್ಲಿ ನಿಂತು ಕೂಗೋದನ್ನು ಕೇಳಿದ ತಕ್ಷಣ ಹೆಂಗಸರು ಒಳ್ಳೆ ಹೇಂಟೆಯನ್ನು ಎತ್ತಿಕೊಂಡು ಹೊಲದ ಕಡೆ ಓಡ್ತಿದ್ದರಂತೆ. ಕಾವಿಗೆ ಕೂತದ್ದನ್ನೂ ಬಿಡ್ತಿರಲಿಲ್ಲ. ಇಲ್ಲಿ ಒಂದು ತಮಾಷೆ ನೋಡಿ. ನಮ್ಮ ಮನೆಯಲ್ಲಿ ಇದ್ದಾಗ ಮೈಲಿಗೆಯಾಗಿದ್ದ ಕೋಳಿ ಸಾಹೇಬರ ಬಾಣಲೆಗೆ ಹೋಗುವ ದಾರಿಯಲ್ಲಿ ಎಲ್ಲೋ ಶುದ್ಧ ಆಗಿಬಿಡ್ತಿತ್ತು. ಎಲ್ಲಿ, ಯಾವ ಜಾಗದಲ್ಲಿ ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಇದು ನಮ್ಮ ಒಬ್ಬರ ಕಥೆ ಅಂದುಕೊಂಡಿದ್ದೆ. ಅಮೆರಿಕದ ಕರಿಯರ ಚರಿತ್ರೆ ಓದುವಾಗ ಬೆರಗಾಯ್ತು. 1692ರಲ್ಲಿ ವರ್ಜೀನಿಯಾದಲ್ಲಿ ಒಂದು ಕಾನೂನು ಬಂತು. ಗುಲಾಮರ ಗುರುತು ಹಾಕಿದ ಕುದುರೆ, ದನ, ಹಂದಿಗಳನ್ನು ಅವರ ಕೈಯಿಂದ ಕಿತ್ತುಕೊಳ್ಳೋ ಕಾನೂನು. ಕೋಳಿಯ ಹೆಸರು ಅದರಲ್ಲಿರಲಿಲ್ಲ. ಅಲ್ಲೂ ಅದೇ ಕಾರಣ, ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು. 1798ರಲ್ಲಿ ಜಾರ್ಜ್ ವಾಷಿಂಗ್ಟನ್‌ನ ತೋಟಕ್ಕೆ ಬಂದಿದ್ದ ಪೋಲೆಂಡಿನ ಪ್ರವಾಸಿಯೊಬ್ಬ ಗುಲಾಮರ ಗುಡಿಸಲ ಮುಂದೆ ಐದಾರು ಹೇಂಟೆ, ಪ್ರತಿಯೊಂದರ ಹಿಂದೆ ಹತ್ತು ಹದಿನೈದು ಮರಿ ಕಂಡು, ಇವರಿಗೆ ಬಿಟ್ಟಿರೋ ಸುಖ ಇದೊಂದೇ, ಬಾತು ಹಂದಿ ಸಾಕೋಕೂ ಅಪ್ಪಣೆ ಇಲ್ಲ ಅನ್ನೋ ಅರ್ಥದಲ್ಲಿ ಬರೆದಿಟ್ಟ. ಗುಲಾಮಗಿರಿ ಹೋದ ಮೇಲೆ ವರ್ಜೀನಿಯಾದ ಗಾರ್ಡನ್ಸ್‌ವಿಲ್ ರೈಲ್ವೆ ನಿಲ್ದಾಣದಲ್ಲಿ ಕರಿಯ ಹೆಂಗಸರು ಹುರಿದ ಕೋಳಿಯ ತಟ್ಟೆಯನ್ನು ತಲೆ ಮೇಲೆ ಹೊತ್ತು ರೈಲಿನ ಕಿಟಕಿಗಳಿಗೆ ಎತ್ತಿ ಕೊಟ್ಟು ಮಾರಿದರು. ಆ ದುಡ್ಡಲ್ಲಿ ಮನೆ ಕಟ್ಟಿದರು. ಸೈಕಿ ವಿಲಿಯಮ್ಸ್ ಫೋರ್ಸನ್ ಅನ್ನೋ ವಿದ್ವಾಂಸೆ ಇದರ ಮೇಲೆ 2006ರಲ್ಲಿ ಒಂದು ಇಡೀ ಪುಸ್ತಕ ತಂದಿದ್ದಾರೆ.

ಅವರ ಮೇಲೆ ಬಂದ ಅಪವಾದ ಏನು ಗೊತ್ತಾ? ಕೋಳಿ ಕಳ್ಳರು. ಕರಿಯ ಮನುಷ್ಯ ಕೋಳಿಗೂಡಿಗೆ ಕೈ ಹಾಕೋ ವ್ಯಂಗ್ಯಚಿತ್ರಗಳು ದಶಕಗಟ್ಟಲೆ ಅಚ್ಚಾದವು. 1915ರ 'ಬರ್ತ್ ಆಫ್ ಎ ನೇಷನ್' ಸಿನಿಮಾದಲ್ಲಿ ಕರಿಯ ಶಾಸಕನೊಬ್ಬ ಶಾಸನಸಭೆಯಲ್ಲಿ ಕೂತು ಕೋಳಿ ತಿನ್ನೋ ದೃಶ್ಯ ಇಟ್ಟು ಅವರನ್ನು ಇಡೀ ದೇಶದ ಮುಂದೆ ಹಂಗಿಸಿದರು. ಕನ್ನಡದಲ್ಲಿ 'ಕೋಳಿ ಕಳ್ಳ' ಅನ್ನೋ ಬೈಗುಳ ಯಾರನ್ನು ನೋಡಿದಾಗ ನಾಲಿಗೆಗೆ ಬರುತ್ತೆ ಅಂತ ಒಂದು ಸಲ ಯೋಚನೆ ಮಾಡಿ. ಸಾಕಿದವನು ಕಳ್ಳ, ಬಿಟ್ಟಿ ಹಿಡಿದವನು ಸಾಹೇಬ.

ಕನ್ನಡದ ಮಾತು ಬಂದಾಗ ಸಾಹಿತ್ಯವನ್ನೂ ನೋಡಬೇಕಲ್ಲ. ಹೊಯ್ಸಳರ ಕಾಲದ ಕವಿ ಜನ್ನ 1209ರಲ್ಲಿ 'ಯಶೋಧರ ಚರಿತೆ' ಬರೆದ. ಅದರಲ್ಲಿ ಅಮ್ಮ ಮಗ ಸೇರಿ ಚಂಡಮಾರಿಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡ್ತಾರೆ. ನಿಜ ಕೋಳಿ ಅಲ್ಲ, ಹಿಟ್ಟಿನದು. ಆದರೂ ಮನಸ್ಸಿನಲ್ಲಿ ಹಿಂಸೆ ಇತ್ತು ಅಂತ ಜನ್ಮ ಜನ್ಮಾಂತರ ತೊಳಲುತ್ತಾರೆ. ಜೈನರ ಅಹಿಂಸೆಯ ಬಗ್ಗೆ ನನಗೆ ಗೌರವ ಇದೆ, ಆ ಕಾವ್ಯ ದೊಡ್ಡದು ಅನ್ನೋದರಲ್ಲೂ ಅನುಮಾನ ಇಲ್ಲ. ಆದರೆ ಅಲ್ಲಿಂದ ಇಲ್ಲಿವರೆಗೆ ಮಾರಿ ಅಂದ್ರೆ ಭಯಂಕರ, ಮಾರಿಗೆ ಕೋಳಿ ಕೊಡೋರು ಕ್ರೂರಿಗಳು ಅನ್ನೋ ಒಂದೇ ಚಿತ್ರ ಓದಿದವರ ತಲೆಯಲ್ಲಿ ಉಳಿದುಬಿಟ್ಟಿದೆ. ನಮ್ಮ ಮಾರಮ್ಮ ಸಿಡುಬು, ಪ್ಲೇಗು ಬಂದಾಗ ನಮ್ಮ ಜೊತೆ ಇದ್ದ ಒಬ್ಬಳೇ ದೇವತೆ, ಡಾಕ್ಟರು ಕೇರಿಗೆ ಕಾಲಿಡದ ಕಾಲದಲ್ಲಿ. ನಾನು ಹರಕೆ ಪರವಾಗಿ ವಾದ ಮಾಡ್ತಿಲ್ಲ. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿ ತಡೆಯೋ ಕಾನೂನು 1959ರಿಂದಲೂ ಇದೆ, ನನಗೂ ಬಲಿ ಬೇಡ. ಆದರೆ ಮನೆ ಹಿತ್ತಲಲ್ಲಿ ಕಾಳು ಕುಕ್ಕುತ್ತಿರೋ ಕೋಳಿಗೆ ಮಾರಿಯ ಮುಖ ಅಂಟಿಸಿ ನೋಡೋದು ಬೇರೆ ವಿಷಯ. ಸುಬ್ರಹ್ಮಣ್ಯನ ಬಾವುಟದ ಮೇಲೆ ಹುಂಜ ಇದ್ದರೆ ಕೈ ಮುಗೀತಾರೆ, ಪಕ್ಕದ ಮನೆ ಕಾಂಪೌಂಡ್ ಮೇಲೆ ಕೂತರೆ ಅರ್ಜಿ ಬರೀತಾರೆ.

ಬಸವಣ್ಣನವರ ವಚನದಲ್ಲೂ ಕೋಳಿ ಇದೆ, ಆದರೆ ಪೂರ್ತಿ ಬೇರೆ ಥರ. ಸಿಕ್ಕಿದ್ದನ್ನು ತನ್ನವರನ್ನೆಲ್ಲ ಕರೆದು ಹಂಚಿಕೊಳ್ಳೋ ಗುಣಕ್ಕೆ ಅವರು ಕಾಗೆ ಮತ್ತು ಕೋಳಿಯನ್ನು ಮಾದರಿಯಾಗಿ ಇಟ್ಟರು. ಮನು ಕೆಡಿಸುತ್ತೆ ಅಂದ ಹಕ್ಕಿಯನ್ನು ಅವರು ಭಕ್ತರಿಗೆ ಪಾಠ ಹೇಳೋಕೆ ಕರೆದುಕೊಂಡು ಬಂದರು. ಈ ವಚನ ಕಲಿಯದ ಮಠ ಇಲ್ಲ. 2021ರ ಡಿಸೆಂಬರಿನಲ್ಲಿ ಬೀದರ್, ರಾಯಚೂರು, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರದ ಸರ್ಕಾರಿ ಶಾಲೆ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಬೀದಿಗಿಳಿದವರಲ್ಲಿ ಮಠಾಧೀಶರೂ ಇದ್ದರು. ಬೇಡದವರಿಗೆ ಬಾಳೆಹಣ್ಣು ಅಂತ ಮೊದಲೇ ಹೇಳಿದ್ದರೂ. ಪಕ್ಕದ ತಟ್ಟೆಯಲ್ಲಿ ಮೊಟ್ಟೆ ಇದ್ದರೆ ನಮ್ಮ ಮಕ್ಕಳ ಮನಸ್ಸು ಕೆಡುತ್ತೆ ಅನ್ನೋದು ವಾದ. ರೆಕ್ಕೆ ಗಾಳಿ ಮತ್ತೆ ಬಂತು ನೋಡಿ! ಅವತ್ತು ಒಬ್ಬ ಶಾಲೆ ಹುಡುಗಿ ಕ್ಯಾಮೆರಾ ಮುಂದೆ ನಿಂತು, ಮೊಟ್ಟೆ ನಿಲ್ಲಿಸಿದರೆ ಮಠಕ್ಕೇ ಬಂದು ಕೂತು ತಿಂತೀವಿ ಅನ್ನೋ ಹಾಗೆ ಕೇಳಿದ್ದು ನೆನಪಿರಬೇಕು. ಮೊಟ್ಟೆ ನಿಲ್ಲಲಿಲ್ಲ, ಮುಂದಿನ ವರ್ಷ ಉಳಿದ ಜಿಲ್ಲೆಗಳಿಗೂ ಹೋಯ್ತು.

ಈಗ ಊರಿನಿಂದ ಪಟ್ಟಣಕ್ಕೆ. ಕೇರಿಯಲ್ಲಿ ಎಲ್ಲರ ಮನೆಯಲ್ಲೂ ಕೋಳಿ ಇದ್ದಾಗ ಯಾರು ಯಾರ ಮೇಲೆ ದೂರು ಕೊಡಬೇಕು? ದೂರು ಶುರುವಾಗಿದ್ದು ನಾವು ಕೇರಿ ದಾಟಿ ಅವರ ಪಕ್ಕದ ಗೋಡೆಗೆ ಬಂದಾಗ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆ ಸುಮಾರಿನಲ್ಲಿ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಗಾಳಿ ಬೆಳಕು ಅಂತ ಅಚ್ಚುಕಟ್ಟಾಗಿ ಎದ್ದವು. ಆ ಅಚ್ಚುಕಟ್ಟಿನ ಒಂದು ಭಾಗ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ. ಈಗಲೂ ಕೆಲವು ಕಡೆ ಇದೆ, ಹೋಗಿ ನೋಡಬಹುದು. ಅದು ಇದ್ದದ್ದು ಯಾರಿಗೆ? ಮುಂಬಾಗಿಲಿಗೆ ಬರಬಾರದವರು ಹಿಂದಿನಿಂದ ಬಂದು ಮಲ ಬಾಚಿಕೊಂಡು ಹೋಗೋಕೆ. ಬಡಾವಣೆಯ ವಾಸನೆಯನ್ನು ತಲೆ ಮೇಲೆ ಹೊತ್ತುಕೊಂಡು ಹೋದವರು ನಮ್ಮವರು. ಮಲ ಹೊರುವುದನ್ನು ನಿಲ್ಲಿಸಬೇಕು ಅಂತ ಆದೇಶ ಮಾಡೋಕೆ 1970ರ ದಶಕದವರೆಗೆ ಕಾಯಬೇಕಾಯ್ತು, ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪನವರು ಬರಬೇಕಾಯ್ತು. ಅವರನ್ನು 1973ರ ಬೂಸಾ ಗಲಾಟೆಯಲ್ಲಿ ಏನು ಮಾಡಿದರು ಅಂತ ನಿಮಗೆಲ್ಲ ಗೊತ್ತು.

ಅಂಥ ಇತಿಹಾಸ ಇರುವ ಪಟ್ಟಣದಲ್ಲಿ ನಮಗೆ ಸಿಕ್ಕಿದ್ದು 20×30 ಸೈಟು. ಮನೆ ಕಟ್ಟಿ ಬಚ್ಚಲು ತೆಗೆದರೆ ಉಳಿಯೋದು ನಾಲ್ಕು ಹೆಜ್ಜೆ ಜಾಗ. ಅದರಲ್ಲೇ ಅಕ್ಕ ಕೋಳಿಗೂಡು ಮಾಡಿಕೊಂಡದ್ದು. ಗಂಡ ಇಲ್ಲ, ಮನೆಗೆಲಸಕ್ಕೆ ಹೋಗ್ತಾರೆ, ಮಗಳು ಪಿಯುಸಿ. ಮಗಳ ಬಸ್ ಪಾಸು, ನೋಟ್ ಪುಸ್ತಕ ಎಲ್ಲ ಮೊಟ್ಟೆ ಲೆಕ್ಕದಲ್ಲೇ. ನಾಟಿ ಮೊಟ್ಟೆಗೆ ಈಗ ಫಾರಂ ಮೊಟ್ಟೆಗಿಂತ ಒಳ್ಳೆ ಬೆಲೆ ಇದೆ. ಯಾಕೆ ಅಂದ್ರೆ ದುಡ್ಡಿದ್ದವರಿಗೆ ಈಗ ನಾಟಿ ಬೇಕು. ಊರಾಚೆ ಫಾರ್ಮ್‌ಹೌಸ್ ಮಾಡಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ರೂಪಿಸಿದ ಗಿರಿರಾಜ ಕೋಳಿ ಬಿಟ್ಟುಕೊಂಡು, ಫೋಟೋ ಹಾಕೋದು ಒಂದು ಶೋಕಿ. ಮಾಡ್ಲಿ, ಖುಷಿ. ಅಲ್ಲಿ ಅದು ಸಾವಯವ ಬದುಕು, ಇಲ್ಲಿ ಅದೇ ಗಲೀಜು.

ದೂರು ಕೊಟ್ಟವರ ಮನೆಯಲ್ಲಿ ಒಂದು ದೊಡ್ಡ ನಾಯಿ ಇದೆ. ರಾತ್ರಿಯೆಲ್ಲ ಬೊಗಳುತ್ತೆ. ಅಕ್ಕ ನನಗೆ ಕೇಳಿದ ಪ್ರಶ್ನೆ ಇದು: "ಅಲ್ಲ ಕಣಣ್ಣ, ಅವ್ರ ನಾಯಿ ಬೊಗಳಿದ್ರೆ ಕಾವಲು, ನನ್ ಹುಂಜ ಕೂಗಿದ್ರೆ ಕಾಟವಾ?"

ಕಾನೂನು ಏನು ಹೇಳುತ್ತೆ ನೋಡೋಣ. 'ಸಾರ್ವಜನಿಕ ಉಪದ್ರವ' ಅನ್ನೋ ಅಪರಾಧವನ್ನು ಬ್ರಿಟಿಷರು 1860ರ ದಂಡಸಂಹಿತೆಯ 268ನೇ ಕಲಂನಲ್ಲಿ ಇಟ್ಟರು. ಈಗ 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 270. ದಂಡ 200 ರೂಪಾಯಿ ತನಕ ಇದ್ದದ್ದು 1,000ಕ್ಕೆ ಏರಿದೆ. ಮುಖ್ಯವಾದ ಮಾತು, ಸಾರ್ವಜನಿಕರಿಗೆ ಅಥವಾ ಆ ಸುತ್ತಮುತ್ತ ವಾಸಿಸೋ ಜನರಿಗೆ ಸಾಮಾನ್ಯವಾಗಿ ತೊಂದರೆ ಆಗಬೇಕು. ಒಬ್ಬರ ಮನಸ್ಸಿಗೆ ಕಸಿವಿಸಿ ಆದರೆ ಅದು ಸಾರ್ವಜನಿಕ ಉಪದ್ರವ ಅಲ್ಲ. ಒಬ್ಬ ನೆರೆಯವರಿಗೆ ನಿಜವಾಗಿ ತೊಂದರೆ ಇದ್ದರೆ ಅದಕ್ಕೆ ಸಿವಿಲ್ ಕೋರ್ಟಿನ ದಾರಿ ಇದೆ. ಇನ್ನೊಂದು, ಉಪದ್ರವ ತೆಗೆಸೋಕೆ ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಡೋ ಹಳೆಯ ಸಿಆರ್‌ಪಿಸಿ 133, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 152. ಅದರಲ್ಲೂ ಮೊದಲು ಷರತ್ತಿನ ಆದೇಶ, ಆಮೇಲೆ ನಮ್ಮ ಆಕ್ಷೇಪಣೆ ಕೇಳಲೇಬೇಕು.

ಈ 133ಕ್ಕೆ ಒಂದು ಒಳ್ಳೆ ಚರಿತ್ರೆ ಇದೆ, ನಮ್ಮ ಹುಡುಗರು ಓದಬೇಕು. ಮಧ್ಯಪ್ರದೇಶದ ರತ್ಲಾಂ ಊರಿನ ಒಂದು ವಾರ್ಡಿನ ಜನ ತೆರೆದ ಚರಂಡಿ, ನಾತ ತಡೆಯಲಾರದೆ ಇದೇ ಕಲಂ ಹಿಡಿದು ಪುರಸಭೆಯ ಮೇಲೇ ಹೋದರು. ದುಡ್ಡಿಲ್ಲ ಅಂತ ಪುರಸಭೆ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ದುಡ್ಡಿಲ್ಲ ಅನ್ನೋ ನೆಪ ನಡೆಯಲ್ಲ, ಚರಂಡಿ ಕಟ್ಟಿ ಅಂದರು. ವಾಸನೆಯ ಕಾನೂನು ಒಂಬತ್ತು ಕೋಳಿಯ ಮೇಲೆ ಮಾತ್ರ ಓಡಬೇಕು ಅಂತ ಎಲ್ಲೂ ಇಲ್ಲ. ಅಕ್ಕನ ಬೀದಿಯ ಚರಂಡಿ ತುಂಬಿ ಹರಿದು ಎಷ್ಟೋ ತಿಂಗಳಾಗಿದೆ, ಅದಕ್ಕೆ ಯಾರೂ ನೋಟಿಸ್ ಕೊಟ್ಟಿಲ್ಲ. ಉತ್ತರ ಬರೆಯುವಾಗ ಅದನ್ನೂ ಸೇರಿಸಿದೆವು, ಫೋಟೋ ಸಮೇತ.

ಕೋಳಿಯ ಕೂಗು ಹೊರದೇಶದಲ್ಲೂ ಕೋರ್ಟು ಹತ್ತಿದೆ. 1936ರಲ್ಲಿ ಇಂಗ್ಲೆಂಡಿನ ಲೀಮನ್ ವಿರುದ್ಧ ಮಾಂಟೇಗು ಪ್ರಕರಣದಲ್ಲಿ ಮನೆಗಳ ಹತ್ತಿರ ಸುಮಾರು 750 ಹುಂಜಗಳನ್ನು ಇಟ್ಟವನ ವಿರುದ್ಧ ತೀರ್ಪು ಬಂತು. ನ್ಯಾಯವಾದದ್ದೇ, 750 ಹುಂಜ ಕೂಗಿದರೆ ಸತ್ತವರೂ ಏಳ್ತಾರೆ. 2019ರಲ್ಲಿ ಫ್ರಾನ್ಸಿನ ಒಲೆರಾನ್ ದ್ವೀಪದಲ್ಲಿ ಮೋರಿಸ್ ಅನ್ನೋ ಒಂದೇ ಒಂದು ಹುಂಜದ ಮೇಲೆ, ರಜೆ ಕಳೆಯೋಕೆ ಅಲ್ಲೊಂದು ಮನೆ ಮಾಡಿಕೊಂಡಿದ್ದ ದಂಪತಿ ಕೇಸು ಹಾಕಿದರು. ರೋಶ್‌ಫೋರ್ ಕೋರ್ಟು ಹುಂಜದ ಪರ ನಿಂತಿತು, ಕೇಸು ಹಾಕಿದವರೇ 1,000 ಯೂರೋ ಕಟ್ಟಬೇಕಾಯ್ತು. 2021ರ ಜನವರಿಯಲ್ಲಿ ಆ ದೇಶ ಹಳ್ಳಿಗಾಡಿನ ಸದ್ದು, ವಾಸನೆಗಳನ್ನು ಪರಂಪರೆ ಅಂತ ಗುರುತಿಸೋ ಕಾನೂನನ್ನೇ ತಂದಿತು. ಅಲ್ಲಿ ಜಗಳ ಹಳ್ಳಿಯವರಿಗೂ ಹೊರಗಿನಿಂದ ಬಂದವರಿಗೂ. ತುಳಸಿಕಟ್ಟೆಯ ಮಾತು ಯಾವ ಕಡತದಲ್ಲೂ ಇರಲಿಲ್ಲ. ಸದ್ದು ಎಷ್ಟು, ಯಾವ ಹೊತ್ತು, ಎಷ್ಟು ಕೋಳಿ ಅನ್ನೋ ಲೆಕ್ಕದ ಮೇಲೆ ವಾದ ನಡೀತು. ನಮಗೆ ಬೇಕಾಗಿರೋದೂ ಅಷ್ಟೇ.

ಹಾಗಾಗಿ ಅಕ್ಕನ ವಿಷಯದಲ್ಲಿ ಅಂಶ ಅಂಶವಾಗಿ ಬಿಡಿಸಿಕೊಂಡೆವು. ಹುಂಜವನ್ನು ಊರಲ್ಲಿರೋ ತಮ್ಮನ ಮನೆಗೆ ಕಳಿಸಿದರು. ಮೊಟ್ಟೆ ಇಡೋಕೆ ಹುಂಜ ಬೇಕಿಲ್ಲ, ಮರಿ ಬೇಕಾದಾಗ ಮಾತ್ರ ಬೇಕು. ಕಳಿಸುವಾಗ ಅಕ್ಕನಿಗೆ ಸಂಕಟ ಆಯ್ತು, ಸಾಕಿದ್ದಲ್ವಾ. ನಮ್ಮ ಕೆಲವು ಗೆಳೆಯರು ಯಾಕೆ ಬಗ್ಗಿದಿರಿ ಅಂತ ನನ್ನ ಮೇಲೆ ರೇಗಿದರು. ನನ್ನ ಅಭಿಪ್ರಾಯದಲ್ಲಿ ಅದು ಬಗ್ಗಿದ್ದಲ್ಲ. ಮೂರು ಗಂಟೆಗೆ ಕೂಗೋ ಹುಂಜದಿಂದ ಆ ಬೀದಿಯ ನಮ್ಮವರಿಗೂ ನಿದ್ದೆ ಇರಲಿಲ್ಲ. ಗೂಡನ್ನು ಅವರ ಗೋಡೆ ಬಿಟ್ಟು ಬಚ್ಚಲ ಪಕ್ಕಕ್ಕೆ ತಂದೆವು. ನೆಲಕ್ಕೆ ಭತ್ತದ ಹೊಟ್ಟು ಹಾಸಿ ವಾರಕ್ಕೊಮ್ಮೆ ತೆಗೆದು ಗಿಡಕ್ಕೆ ಹಾಕೋದು, ನೀರಿನ ಪಾತ್ರೆ ಚೆಲ್ಲದ ಹಾಗೆ ಇಟ್ಟಿಗೆ ಮೇಲಿಡೋದು. ನಾತ ಬರೋದು ಹಿಕ್ಕೆಯಿಂದ ಅನ್ನೋದಕ್ಕಿಂತ ತೇವದಿಂದ. ರಾತ್ರಿ ಕಾಳು ಉಳಿಸಬಾರದು, ಹೆಗ್ಗಣ ಬರುತ್ತೆ. ಮೇಲೆ ಬಲೆ ಹೊದಿಸಿದೆವು, ಇನ್ನು ಯಾವ ಕಟ್ಟೆಗೂ ಹಾರಲ್ಲ. ಪಶು ಆಸ್ಪತ್ರೆಗೆ ಹೋಗಿ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿ ಚೀಟಿ ಇಟ್ಟುಕೊಂಡದ್ದೂ ಆಯ್ತು. ಹಕ್ಕಿಜ್ವರದ ಭಯ ಹೇಳ್ತಾರಲ್ಲ, ಅದನ್ನು ಹಗುರ ಮಾಡಬಾರದು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಪ್ರಕರಣ ಕಂಡದ್ದು ದೊಡ್ಡ ಫಾರಂಗಳಲ್ಲಿ ನಿಜ, ಆದರೆ 2008ರಲ್ಲಿ ಬಂಗಾಳದಲ್ಲಿ ಅದು ಹಿತ್ತಲ ಕೋಳಿಗಳಲ್ಲೇ ಹರಡಿತು. ಸತ್ತ ಕೋಳಿ ಕಂಡರೆ ಮುಚ್ಚಿಡದೆ ಇಲಾಖೆಗೆ ಹೇಳಬೇಕು.

ನಾಲ್ಕನೇ ಅಂಶಕ್ಕೆ ಮಾತ್ರ ಏನೂ ಮಾಡಲಿಲ್ಲ. ನೆರೆಯವರ ಆಹಾರ ಪದ್ಧತಿಗೂ ಅರ್ಜಿದಾರರ ಕೋಳಿ ಸಾಕಣೆಗೂ ಸಂಬಂಧ ಇಲ್ಲ, ಯಾವ ಕಾಯ್ದೆಯ ಯಾವ ಕಲಂ ಅಡಿ ತೆರವು ಕೇಳಿದ್ದೀರಿ ತಿಳಿಸಿ ಅಂತ ಎರಡೇ ಸಾಲು ಬರೆದು, ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದೆವು. ಉತ್ತರ ಬಂದಿಲ್ಲ. ಕೋಳಿಗಳು ಇವೆ.

ಅಟ್ರಾಸಿಟಿ ಹಾಕಿ ಅಂತ ಹೇಳಿದವರೂ ಇದ್ದರು. ಈ ದೂರಿನಲ್ಲಿ ಜಾತಿ ಹೆಸರಿಲ್ಲ, ಬರೀ ಕೋಳಿ ಜಗಳಕ್ಕೆ ಆ ಕಾಯ್ದೆ ಎಳೆದು ತರೋದು ನನಗೆ ಒಪ್ಪಿಗೆ ಇಲ್ಲ. ಆದರೆ ಬೀದಿಯಲ್ಲಿ ನಾಲ್ಕು ಜನರ ಮುಂದೆ ಜಾತಿ ಹಿಡಿದು ಬೈದರೆ, ಅಂಗಡಿಯವರಿಗೆ ಹೇಳಿ ಸಾಮಾನು ಕೊಡದ ಹಾಗೆ ಮಾಡಿದರೆ, ಮನೆಗೆಲಸ ತಪ್ಪಿಸಿ ಬಹಿಷ್ಕಾರ ಹಾಕಿದರೆ, 1989ರ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ ಇವೆಲ್ಲ ಸ್ಪಷ್ಟವಾಗಿ ಇದೆ. ಆಗ ಕೋಳಿಯ ಮಾತು ಬಿಟ್ಟು ನೇರ ಠಾಣೆಗೆ ಹೋಗಿ.

ಇಂಥ ನೋಟಿಸ್ ನಿಮ್ಮ ಊರಲ್ಲಿ ಯಾರಿಗಾದರೂ ಬಂದಿದ್ದರೆ ಹೆಸರು ವಿಳಾಸ ಮುಚ್ಚಿ ಫೋಟೋ ಕಳಿಸಿ, ಉತ್ತರ ಬರೆಯೋಕೆ ಕೂತುಕೊಳ್ಳೋಣ. ಬಿಟ್ಟಿ ಕೋಳಿಯ ಕಥೆ ಗೊತ್ತಿರುವ ಅಜ್ಜಿ ತಾತ ಮನೆಯಲ್ಲಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಈ ವರ್ಷವೇ. ಎಲ್ಲ ಸೇರಿಸಿ ಬರೆದಿಡಬೇಕು ಅಂತಿದ್ದೀನಿ.

ಜೈ ಭೀಮ್.